ಲಿಸ್ಬನ್ನಿನ ಊಟದ ಮೇಜು

ವಿದೇಶದಿಂದ ಮರಳಿ ಬಂದ ಗುರುಗಳನ್ನು ನಮ್ಮ ಧರ್ಮಕೇಂದ್ರದ ಜನ ಕೇಳುವ ಪ್ರಶ್ನೆಗಳು ಹೆಚ್ಚೇನೂ ಇರುವುದಿಲ್ಲ. ಹಿರಿಯರು, "ಅಲ್ಲಿ ದೇವಾಲಯಗಳು ಖಾಲಿ ಬಿದ್ದಿವೆಯಂತೆ, ನಿಜವೇ?" ಎಂದು ಕೇಳುತ್ತಾರೆ. ಯುವಕರು ಫೋಟೋ ತೋರಿಸಿ ಎನ್ನುತ್ತಾರೆ. ತಾಯಂದಿರು ಮಾತ್ರ ನೇರವಾಗಿ ವಿಷಯಕ್ಕೆ ಬರುತ್ತಾರೆ: "ಊಟಕ್ಕೆ ಏನು ಮಾಡಿದಿರಿ ಫಾದರ್? ಅನ್ನ ಸಿಕ್ಕಿತಾ?" ಕೆಲವು ವರ್ಷಗಳ ಹಿಂದೆ, ಸೆಪ್ಟೆಂಬರ್ ತಿಂಗಳಿನಲ್ಲಿ, ಪೋರ್ಚುಗಲ್ ದೇಶದ ರಾಜಧಾನಿ ಲಿಸ್ಬನ್ ನಗರದಲ್ಲಿ ಮೂರು ದಿನ ಕಳೆದು ಬಂದಾಗಲೂ ನನಗೆ ಇದೇ ಪ್ರಶ್ನೆ ಎದುರಾಯಿತು. "ಸಿಕ್ಕಿತಮ್ಮ, ಜೊತೆಗೆ ಮೀನೂ ಸಿಕ್ಕಿತು" ಎಂದು ನಕ್ಕು ಮುಗಿಸಿದ್ದೆ. ಆ ಉತ್ತರ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಪ್ರಿಯ ಓದುಗರೇ, ಉಳಿದ ಅರ್ಧವನ್ನು ಹೇಳಿಬಿಡೋಣವೆಂದು ಈಗ ಬರೆಯಲು ಕುಳಿತಿದ್ದೇನೆ.

ಆ ವರ್ಷ ಜರ್ಮನಿಯ ಒಂದು ಧರ್ಮಕೇಂದ್ರದಲ್ಲಿ, ಅಲ್ಲಿಯ ಗುರುಗಳು ರಜೆಯಲ್ಲಿದ್ದ ಒಂದು ತಿಂಗಳು, ಅವರ ಬದಲಿಗೆ ನಾನು ಸೇವೆ ಸಲ್ಲಿಸಿದ್ದೆ. ಊರಿಗೆ ಹಿಂದಿರುಗುವ ಮುನ್ನ ಮೂರು ದಿನ ಬಿಡುವಿತ್ತು. ಗುರುಮಠದಲ್ಲಿ ನನ್ನ ಸಹಪಾಠಿಯಾಗಿದ್ದ ಮಿತ್ರನೊಬ್ಬ ಲಿಸ್ಬನ್ನಿನಲ್ಲಿ ಹಲವು ವರ್ಷಗಳಿಂದ ಸೇವೆಯಲ್ಲಿದ್ದಾನೆ. ಮಂಗಳೂರಿನ ಕಡೆಯವನು, ಮನೆಮಾತು ಕೊಂಕಣಿ. "ಬಾ, ಕಾಲು ನೋಯುವಷ್ಟು ನಡೆಸುತ್ತೇನೆ, ಹೊಟ್ಟೆ ತುಂಬಾ ತಿನ್ನಿಸುತ್ತೇನೆ" ಎಂದು ಕರೆದ. ಎರಡು ಮಾತನ್ನೂ ಉಳಿಸಿಕೊಂಡ.

ಮೊದಲ ಸಂಜೆ ಅವನು ನನ್ನನ್ನು ಒಂದು ಸಣ್ಣ ಊಟದ ಮನೆಗೆ ಕರೆದೊಯ್ದ. ನಾವು ಕುಳಿತ ಕೂಡಲೇ, ಕೇಳದೆಯೇ, ರೊಟ್ಟಿ, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ, ಸ್ವಲ್ಪ ಚೀಸ್ ತಂದಿಟ್ಟರು. ನಮ್ಮಲ್ಲಿ ಎಲೆ ಹಾಕಿದ ಮೇಲೆ ಮೊದಲು ಉಪ್ಪು, ಉಪ್ಪಿನಕಾಯಿ ಬಡಿಸುವಂತೆ ಇದೂ ಉಪಚಾರವೆಂದು ತಿಳಿದು ಸಂತೋಷದಿಂದ ತಿಂದೆ. ಕೊನೆಯಲ್ಲಿ ಬಂದ ಬಿಲ್ಲಿನಲ್ಲಿ ಅವಕ್ಕೆಲ್ಲ ಬೇರೆ ಬೇರೆ ಬೆಲೆ ಹಾಕಿತ್ತು. ಮಿತ್ರ ನಕ್ಕ. ಮುಟ್ಟದೆ ಬಿಟ್ಟರೆ ದುಡ್ಡಿಲ್ಲ, ಬೇಡವೆಂದರೆ ಮುಖ ಸಿಂಡರಿಸದೆ ಹಿಂದಕ್ಕೆ ಒಯ್ಯುತ್ತಾರೆ, ಇಲ್ಲಿಯ ಪದ್ಧತಿಯೇ ಹಾಗೆ ಎಂದು ವಿವರಿಸಿದ. ನಿಮ್ಮಲ್ಲಿ ಯಾರಾದರೂ ಫಾತಿಮಾ ಯಾತ್ರೆಗೆ ಹೋಗುವಾಗ ಲಿಸ್ಬನ್ನಿನಲ್ಲಿ ಇಳಿದುಕೊಂಡರೆ ಇದು ನೆನಪಿರಲಿ.

ಆ ರಾತ್ರಿ ಬಂದದ್ದು 'ಕಾಲ್ದೊ ವೆರ್ದೆ'. ಹಸಿರು ಸಾರು ಎಂದು ಅದರ ಅರ್ಥ. ಬೇಯಿಸಿ ಮಸೆದ ಆಲೂಗಡ್ಡೆಯಲ್ಲಿ ಎಳೆ ಎಳೆಯಾಗಿ ಕತ್ತರಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ಒಂದು ಬಿಲ್ಲೆ ಮಾಂಸದ ಸಾಸೇಜ್. ಬಡವರ ಮನೆಯ ಸಾರು ಅದು. ನನಗೆ ಬಹಳ ಹಿಡಿಸಿತು. ತಿನ್ನುತ್ತ ಮಿತ್ರ ಹೇಳಿದ: "ನಾನು ಇಲ್ಲಿಗೆ ಬಂದ ಮೊದಲ ವಾರ ಇವರ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಇಗರ್ಜಿ ಹುಡುಕಿದೆ, ಚಾವಿ ಕೇಳಿದೆ, ಮೇಜಿನ ಮುಂದೆ ಕೂತೆ, ಬಟಾಟೆ ತಿಂದೆ. ಪಾದ್ರಿಗೆ ಬದುಕಲು ಮತ್ತೇನು ಬೇಕು ಮಾರಾಯ?" ಅವನು ಹೇಳಿದ ಆ ಐದು ಮಾತುಗಳೂ, ಪಾದ್ರಿ ಎಂಬುದೂ ಸೇರಿ, ಪೋರ್ಚುಗೀಸ್ ಭಾಷೆಯಿಂದ ನಮ್ಮ ಕರಾವಳಿಗೆ ಇಳಿದು ಬಂದವು. ಮಾತು ಮಾತ್ರವಲ್ಲ, ತರಕಾರಿಯೂ ಬಂತು. ನಮ್ಮ ಸಾರಿಗೆ ಖಾರ ಕೊಡುವ ಒಣಮೆಣಸಿನಕಾಯಿ, ಗೇರು, ಅನಾನಸು ಇವೆಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ನೆಲಕ್ಕೆ ಬಂದವು. ಪರಂಗಿ ಹಣ್ಣಂತೂ ತಾನು ಪರಂಗಿಯವರ ಕೊಡುಗೆಯೆಂದು ಹೆಸರಿನಲ್ಲಿಯೇ ಹೇಳಿಕೊಳ್ಳುತ್ತದೆ. ಯಾವುದು ನಮ್ಮ ಊಟ, ಯಾವುದು ಪರರ ಊಟ ಎಂದು ಗೆರೆ ಎಳೆಯುವುದು ನಾವು ತಿಳಿದಷ್ಟು ಸುಲಭವಲ್ಲ. ಈ ಮಾತನ್ನು ಆಗ ಸುಮ್ಮನೆ ಆಡಿಕೊಂಡೆವು. ಮೂರನೆಯ ದಿನ ಅದು ನನ್ನ ಮೇಲೆಯೇ ತಿರುಗಿ ಬೀಳುತ್ತದೆಂದು ಅರಿತಿರಲಿಲ್ಲ.

ಮರುದಿನ ಬೆಳಿಗ್ಗೆ ನದಿಯ ದಂಡೆಯುದ್ದಕ್ಕೂ ಟ್ರಾಮಿನಲ್ಲಿ ಬೆಲೆಮ್ ಎಂಬ ಸ್ಥಳಕ್ಕೆ ಹೋದೆವು. ಬೆತ್ಲೆಹೇಮ್ ಎಂಬುದೇ ಆ ಹೆಸರಿನ ಮೂಲ. ಅಲ್ಲಿರುವುದು ಸಂತ ಜೆರೋಮರ ಹೆಸರಿನ ಸಂನ್ಯಾಸಿಗಳಿಗಾಗಿ ರಾಜ ಒಂದನೆಯ ಮ್ಯಾನುಯೆಲ್ 1501ರಲ್ಲಿ ಕಟ್ಟಲು ಆರಂಭಿಸಿದ ಮಹಾಮಠ. ಭಾರತಕ್ಕೆ ಸಮುದ್ರಮಾರ್ಗ ಕಂಡುಹಿಡಿಯಲು 1497ರಲ್ಲಿ ಹೊರಟ ವಾಸ್ಕೋ ಡ ಗಾಮ ಹಿಂದಿನ ರಾತ್ರಿ ಪ್ರಾರ್ಥಿಸಿದ್ದು ಇದೇ ಸ್ಥಳದಲ್ಲಿದ್ದ ಪುಟ್ಟ ಗುಡಿಯಲ್ಲಿ ಎನ್ನುತ್ತಾರೆ. ರಾಜನ ಆತ್ಮಕ್ಕಾಗಿ ಪ್ರಾರ್ಥಿಸುವುದು, ಕಡಲಿಗೆ ಇಳಿಯುವ ನಾವಿಕರಿಗೆ ಪಾಪನಿವೇದನೆ ಕೇಳುವುದು ಈ ಮಠವಾಸಿಗಳ ಕರ್ತವ್ಯವಾಗಿತ್ತು. ದೇವಾಲಯದ ಕಂಬಗಳು ತೆಂಗಿನ ಮರಗಳಂತೆ ಎದ್ದು ನಿಂತು ಮೇಲೆ ಗರಿ ಬಿಚ್ಚಿಕೊಂಡಿವೆ. ಕಲ್ಲಿನಲ್ಲಿ ಹಗ್ಗ, ಲಂಗರು, ಕಡಲ ಸಸ್ಯಗಳನ್ನು ಕೆತ್ತಿದ್ದಾರೆ. ಬಾಗಿಲ ಬಳಿಯಲ್ಲಿ ಒಂದು ಬದಿಗೆ ವಾಸ್ಕೋ ಡ ಗಾಮನ ಸಮಾಧಿ, ಇನ್ನೊಂದು ಬದಿಗೆ ಕವಿ ಕಮೋಯಿಷನ ಸಮಾಧಿ.

ಇಷ್ಟು ವೈಭವಕ್ಕೆ ಹಣ ಎಲ್ಲಿಂದ ಬಂತು? ಪೂರ್ವದೇಶಗಳ ಹಾಗೂ ಆಫ್ರಿಕದ ವ್ಯಾಪಾರದ ಮೇಲೆ ರಾಜ ವಿಧಿಸಿದ್ದ ಸುಮಾರು ಶೇಕಡಾ 5ರ ತೆರಿಗೆಯಿಂದ. ಅದಕ್ಕೆ ಮೆಣಸಿನ ತೆರಿಗೆ ಎಂದೇ ಹೆಸರಿತ್ತು. ಕರಿಮೆಣಸೆಂದರೆ ಮಲಬಾರು, ಕೆನರಾ ತೀರಗಳ ಮೆಣಸು; 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಸುಮ್ಮನಲ್ಲ. ಆ ತಣ್ಣನೆಯ ಬಿಳಿ ಕಂಬಕ್ಕೆ ಕೈಯಿಟ್ಟಾಗ, ನಮ್ಮ ತೋಟಗಳಲ್ಲಿ ಬಳ್ಳಿ ಹತ್ತಿ ಮೆಣಸು ಕೊಯ್ದ ಹೆಸರಿಲ್ಲದ ಕೈಗಳೂ ಇದನ್ನು ಕಟ್ಟಿವೆ ಎನಿಸಿತು.

ಮಠದಿಂದ ಹೊರಬಂದರೆ ಕೆಲವೇ ಹೆಜ್ಜೆಗಳ ದೂರದಲ್ಲಿ ಒಂದು ಮಿಠಾಯಿ ಅಂಗಡಿ. ಅದರ ಮುಂದೆ ಇದ್ದ ಸರತಿ ಸಾಲು ದೇವಾಲಯದ ಮುಂದಿನ ಸಾಲಿಗಿಂತ ಉದ್ದವಾಗಿತ್ತು. ಅಲ್ಲಿ ಮಾರುವುದು 'ಪಾಸ್ತೆಲ್' ಎಂಬ ಅಂಗೈಯಗಲದ ಸಿಹಿ: ನಮ್ಮ ಚಿರೋಟಿಯಂತೆ ಪದರು ಪದರಾದ ಹಿಟ್ಟಿನ ಪುಟ್ಟ ಬಟ್ಟಲು, ಅದರೊಳಗೆ ಮೊಟ್ಟೆಯ ಹಳದಿ, ಹಾಲು, ಸಕ್ಕರೆ ಕೂಡಿದ ಗಟ್ಟಿ ಪಾಯಸ, ಮೇಲ್ಭಾಗ ಅಲ್ಲಲ್ಲಿ ಕಪ್ಪಾಗುವಂತೆ ಉರಿಯಲ್ಲಿ ಬೇಯಿಸಿದ್ದು. ಬಿಸಿಯಿರುವಾಗಲೇ ಅದರ ಮೇಲೆ ಚಕ್ಕೆಯ ಪುಡಿ ಉದುರಿಸಿಕೊಂಡು ತಿನ್ನಬೇಕು. ಇದರ ಹಿಂದೆ ಮಠದ ಕಥೆಯಿದೆ. ಆ ಕಾಲದ ಮಠಗಳಲ್ಲಿ ಮೊಟ್ಟೆಯ ಬಿಳಿಯನ್ನು ಬಟ್ಟೆಗೆ ಗಂಜಿ ಹಾಕಲು, ದ್ರಾಕ್ಷಾರಸವನ್ನು ತಿಳಿಗೊಳಿಸಲು ಬಳಸುತ್ತಿದ್ದರು. ಉಳಿದ ಹಳದಿಯನ್ನು ಚೆಲ್ಲಬಾರದೆಂದು ಬಗೆಬಗೆಯ ಸಿಹಿ ಮಾಡುತ್ತಿದ್ದರು. 1834ರಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಭೆಗಳನ್ನೆಲ್ಲ ರದ್ದುಗೊಳಿಸಿತು. ಮಠ ಬರಿದಾಯಿತು. ಬದುಕುವ ದಾರಿ ಕಾಣದೆ ಮಠಕ್ಕೆ ಸೇರಿದವರೊಬ್ಬರು ಈ ಸಿಹಿಯನ್ನು ಮಾರತೊಡಗಿದರು ಎನ್ನುತ್ತಾರೆ. 1837ರಿಂದ ಈ ಅಂಗಡಿ ನಡೆಯುತ್ತಿದೆ. ಪಾಕವಿಧಾನ ಇಂದಿಗೂ ಗುಟ್ಟು.

"ನೋಡು, ಪ್ರಾರ್ಥನೆ ನಿಂತು ಹೋಯಿತು, ಅಡುಗೆಮನೆ ಉಳಿಯಿತು" ಎಂದ ಮಿತ್ರ. ನಾನು ಎರಡನೆಯದನ್ನು ಬಾಯಿಗಿಡುತ್ತಿದ್ದುದರಿಂದ ಉತ್ತರಿಸಲಿಲ್ಲ. ಮೂರನೆಯದನ್ನೂ ತಿಂದೆನೆಂದು ನಿಮ್ಮಲ್ಲಿ ನಿವೇದಿಸಿಕೊಳ್ಳುತ್ತೇನೆ.

ಎರಡನೆಯ ದಿನ ಹಳೆಯ ಲಿಸ್ಬನ್ನಿನ ಗುಡ್ಡಗಳನ್ನು ಹತ್ತಿಳಿದೆವು. ಅಲ್ಫಾಮ ಎಂಬ ಕೇರಿಯ ಓಣಿಗಳು ಎಷ್ಟು ಕಿರಿದೆಂದರೆ ಎದುರು ಬದುರು ಮನೆಯವರು ಕಿಟಕಿಯಿಂದಲೇ ಉಪ್ಪು, ಎಣ್ಣೆ ಸಾಲ ಪಡೆಯಬಹುದು. ಮೇಲೆ ಒಣಹಾಕಿದ ಬಟ್ಟೆ, ಕೆಳಗೆ ಕಲ್ಲಿನ ಮೆಟ್ಟಿಲು, ಹಳದಿ ಬಣ್ಣದ ಹಳೆಯ ಟ್ರಾಮುಗಳು ಗೋಡೆಗೆ ತಾಗಿಯೇ ಬಿಟ್ಟವೇನೋ ಎಂಬಂತೆ ಏದುತ್ತ ಹತ್ತುತ್ತವೆ. ಪ್ರಧಾನಾಲಯದ ಹತ್ತಿರ ಸಂತ ಅಂತೋಣಿಯವರ ಚಿಕ್ಕ ದೇವಾಲಯವಿದೆ. ನಾವು 'ಪಾದುವಾದ ಅಂತೋಣಿ' ಎಂದು ಕರೆಯುವ ಸಂತರು ಹುಟ್ಟಿದ್ದು ಪಾದುವಾದಲ್ಲಲ್ಲ, ಇಲ್ಲಿ, 1195ರ ಸುಮಾರಿಗೆ. ಅವರು 1231ರಲ್ಲಿ ದೇಹಬಿಟ್ಟ ಊರಿನ ಹೆಸರು ಅವರಿಗೆ ಅಂಟಿಕೊಂಡಿದ್ದನ್ನು ಲಿಸ್ಬನ್ನಿನವರು ಇಂದಿಗೂ ಸುಲಭವಾಗಿ ಒಪ್ಪುವುದಿಲ್ಲ. ದೇವಾಲಯದ ಕೆಳಗಿನ ನೆಲಮಾಳಿಗೆಯೇ ಅವರು ಹುಟ್ಟಿದ ಮನೆಯ ಸ್ಥಳವೆಂಬುದು ಪರಂಪರೆಯ ನಂಬಿಕೆ. 1982ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅಲ್ಲಿ ಪ್ರಾರ್ಥಿಸಿದ್ದರು. ದೋರನಹಳ್ಳಿಯ ಸಂತ ಅಂತೋಣಿಯವರ ಬೆಸಿಲಿಕಕ್ಕೆ ನಡೆದುಕೊಂಡೇ ಬರುವ ನಮ್ಮ ಹಳ್ಳಿಗಳ ಜನರನ್ನು ನೆನೆದು, ಅವರೆಲ್ಲರ ಪರವಾಗಿ ಒಂದು ಮೇಣದಬತ್ತಿ ಹಚ್ಚಿ ಮೊಣಕಾಲೂರಿದೆ.

ಜೂನ್ 13ರ ಅಂತೋಣಿಯವರ ಹಬ್ಬಕ್ಕೆ ಈ ಓಣಿಗಳಲ್ಲೆಲ್ಲ ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುತ್ತಾರೆ. ಸಾರ್ಡೀನ್ ಎಂದರೆ ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ಸಂಬಂಧಿ. ನಾವು ಹೋದದ್ದು ಸೆಪ್ಟೆಂಬರಿನಲ್ಲಾದರೂ ಮೀನಿನ ಕಾಲ ಮುಗಿದಿರಲಿಲ್ಲ. ಕಲ್ಲುಪ್ಪು ಹಚ್ಚಿ ಸುಟ್ಟ ಇಡೀ ಮೀನನ್ನು ದಪ್ಪ ರೊಟ್ಟಿಯ ತುಂಡಿನ ಮೇಲೆ ಇಟ್ಟು ಕೊಡುತ್ತಾರೆ. ಮೀನು ಮುಗಿಯುವ ಹೊತ್ತಿಗೆ ಅದರ ಎಣ್ಣೆಯನ್ನೆಲ್ಲ ರೊಟ್ಟಿ ಕುಡಿದಿರುತ್ತದೆ. ಕೊನೆಗೆ ಅದನ್ನು ತಿನ್ನುವುದೇ ಹೆಚ್ಚಿನ ರುಚಿ. ಮಿತ್ರ ಮಾತಿಲ್ಲದೆ ತಿಂದ. ಅವನ ತಾಯಿ ಬೂತಾಯಿ ಪುಳಿಮುಂಚಿ ಮಾಡುವುದರಲ್ಲಿ ಹೆಸರಾದವರು.

ಅಂದು ಮಧ್ಯಾಹ್ನ ಅವನು ತೋರಿಸಿದ್ದು ಕಾರ್ಮೆಲ್ ಸಭೆಯ ಹಳೆಯ ಮಠದ ಅವಶೇಷ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ದೇವಾಲಯಗಳಲ್ಲಿ ತುಂಬಿದ್ದಾಗ ಭೂಮಿ ನಡುಗಿತು. ಚಾವಣಿಗಳು ಪೂಜೆಗೆ ಬಂದವರ ಮೇಲೆ ಕುಸಿದವು. ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದ ಬೆಂಕಿ ಹಬ್ಬಿತು; ನದಿಯ ಬಾಯಿಂದ ಸಮುದ್ರ ಒಳನುಗ್ಗಿತು. ಹತ್ತಾರು ಸಾವಿರ ಜನ ಸತ್ತರು. ಕಾರ್ಮೆಲ್ ಮಠದ ದೇವಾಲಯಕ್ಕೆ ಮತ್ತೆ ಮಾಡು ಹಾಕಲೇ ಇಲ್ಲ. ಕಮಾನುಗಳು ಮಾತ್ರ ನಿಂತಿವೆ, ಅವುಗಳ ನಡುವೆ ಆಕಾಶ. ಅಲ್ಲಿ ನಿಂತಾಗ ಮಾತು ಬೇಕೆನಿಸುವುದಿಲ್ಲ.

ಸಂಜೆ ನದಿಯ ಕಡೆ ಮುಖಮಾಡಿ ಕುಳಿತಾಗ ನನಗೆ ನೆನಪಾದವರು ಇದೇ ಊರಿನ ಇನ್ನೊಬ್ಬ ಮಗ, ಸಂತ ಜಾನ್ ಡಿ ಬ್ರಿಟ್ಟೋ. 1647ರಲ್ಲಿ ಲಿಸ್ಬನ್ನಿನಲ್ಲಿ ಹುಟ್ಟಿ, ಅರಮನೆಯಲ್ಲಿ ರಾಜಕುಮಾರನ ಒಡನಾಡಿಯಾಗಿ ಬೆಳೆದು, ಯೇಸುಸಭೆಯ ಗುರುವಾಗಿ 1673ರಲ್ಲಿ ಹಡಗು ಹತ್ತಿದವರು. ತಮಿಳುನಾಡಿನ ಮಧುರೆಯ ಸೀಮೆಯಲ್ಲಿ ಕಾವಿಯುಟ್ಟು, ಬರಿಗಾಲಿನಲ್ಲಿ ನಡೆದು, ಅಲ್ಲಿಯ ಸಂನ್ಯಾಸಿಗಳಂತೆ ಮಾಂಸ, ಮೀನು, ಮದ್ಯ ಮುಟ್ಟದೆ ಅನ್ನ, ಬೇಳೆ, ಸೊಪ್ಪಿನಲ್ಲಿ ಬದುಕಿದರು. 1693ರಲ್ಲಿ ಓರಿಯೂರಿನಲ್ಲಿ ತಲೆ ಕೊಟ್ಟರು. ಬೆಂದ ಮೀನಿನ ವಾಸನೆ ಓಣಿ ಓಣಿಯಲ್ಲಿ ತೇಲುವ ಊರಿನಲ್ಲಿ ಹುಟ್ಟಿದ ಆ ಮನುಷ್ಯನಿಗೆ ಅದು ಎಂಥ ತ್ಯಾಗವಾಗಿತ್ತೆಂಬುದು ಗುರುಮಠದಲ್ಲಿ ಅವರ ಚರಿತ್ರೆ ಓದುವಾಗ ನನಗೆ ಹೊಳೆದಿರಲಿಲ್ಲ. ಆ ಸಂಜೆ ಹೊಳೆಯಿತು. ಶುಭಸಂದೇಶ ಸಾರಲು ಹೋದವನು ಮೊದಲು ತನ್ನ ತಟ್ಟೆಯನ್ನೇ ಬದಲಾಯಿಸಿಕೊಂಡ.

ರಾತ್ರಿಯ ಊಟಕ್ಕೆ 'ಬಕಲ್ಯಾವ್', ಎಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ವಿಚಿತ್ರವೆಂದರೆ ಈ ಮೀನು ಪೋರ್ಚುಗಲ್ಲಿನ ಕಡಲಿನದಲ್ಲ, ದೂರದ ಉತ್ತರ ಅಟ್ಲಾಂಟಿಕ್ ಸಮುದ್ರದ್ದು. ಈಗ ಹೆಚ್ಚಾಗಿ ನಾರ್ವೆಯಿಂದ ಬರುತ್ತದೆ. ಆದರೂ ಇದೇ ಇವರ ರಾಷ್ಟ್ರೀಯ ಊಟ. ತಪಸ್ಸುಕಾಲ, ಶುಕ್ರವಾರಗಳು, ಹಬ್ಬದ ಹಿಂದಿನ ದಿನಗಳು ಎಂದು ಮಾಂಸ ವರ್ಜಿಸುವ ದಿನಗಳು ಹೆಚ್ಚಿದ್ದ ಕಾಲದಲ್ಲಿ, ಕೆಡದೆ ಉಳಿಯುವ ಈ ಒಣಮೀನು ಒಳನಾಡಿನ ಬಡವನಿಗೂ ದೊರೆಯಿತು. ಇಂದಿಗೂ ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ಇದನ್ನು ಆಲೂಗಡ್ಡೆ, ಎಲೆಕೋಸಿನೊಂದಿಗೆ ಬೇಯಿಸಿ ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ಅಡುಗೆಗೆ ಒಂದೆರಡು ದಿನ ಮೊದಲೇ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತ ಉಪ್ಪು ಬಿಡಿಸಬೇಕು. ನಾವು ತಿಂದದ್ದು ಮೀನನ್ನು ಬಿಡಿಬಿಡಿಯಾಗಿ ಹರಿದು, ಈರುಳ್ಳಿ, ಕಡ್ಡಿಯಂತೆ ಹೆಚ್ಚಿ ಕರಿದ ಆಲೂಗಡ್ಡೆ, ಮೊಟ್ಟೆ ಸೇರಿಸಿ ಮಗುಚಿದ್ದು. ಉಪವಾಸದ ಶಿಸ್ತೇ ಒಂದು ನಾಡಿನ ಹಬ್ಬದೂಟವಾದ ಬಗೆ ಇದು.

ಹೀಗೆ ಎರಡು ದಿನಗಳ ಕಾಲ ಲಿಸ್ಬನ್ನಿನ ಊಟದ ಮೇಜು ನನಗೆ ನಮ್ಮ ವಿಶ್ವಾಸದ ಸಿಹಿಯನ್ನೇ ಬಡಿಸಿತು. ಮೂರನೆಯ ದಿನ ಹಾಗಾಗಲಿಲ್ಲ.

ಆ ಬೆಳಿಗ್ಗೆ ನಗರದ ನಡುವಿನ ರೊಸ್ಸಿಯೋ ಚೌಕದ ಪಕ್ಕದಲ್ಲಿರುವ ಸಂತ ದೊಮಿನಿಕರ ದೇವಾಲಯಕ್ಕೆ ಹೋದೆವು. 1959ರಲ್ಲಿ ಬೆಂಕಿಗೆ ಆಹುತಿಯಾಗಿ, 1994ರಲ್ಲಿ ಮತ್ತೆ ತೆರೆದ ದೇವಾಲಯವದು. ಸುಟ್ಟು ಸಿಡಿದ ಕಂಬಗಳನ್ನು, ಮೂಗು ಮುಖ ಕಳಚಿದ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಬಲಿಪೂಜೆ ನಡೆಯುತ್ತಿತ್ತು. ಹೊರಬಂದಾಗ ಚೌಕದಲ್ಲಿ ಆಫ್ರಿಕ ಮೂಲದ ಅನೇಕರು ಗುಂಪು ಗುಂಪಾಗಿ ನಿಂತು ಮಾತನಾಡುತ್ತಿದ್ದರು. ಪಕ್ಕದಲ್ಲಿಯೇ, ಬಾಗಿಲಿನಷ್ಟೇ ಅಗಲದ ಒಂದು ಹಳೆಯ ಅಂಗಡಿಯಲ್ಲಿ 'ಜಿಂಜಿನ್ಯ' ಎಂಬ ಹುಳಿಚೆರ್ರಿ ಹಣ್ಣಿನ ಮದ್ಯವನ್ನು ಪುಟ್ಟ ಲೋಟಗಳಲ್ಲಿ ಮಾರುತ್ತಿದ್ದರು. ಹಣ್ಣು ಹಾಕಿ ಬೇಕೋ, ಹಾಕದೆ ಬೇಕೋ ಎಂದಷ್ಟೇ ಅವರ ಪ್ರಶ್ನೆ. ಪ್ರವಾಸಿಗಳು ನಿಂತಲ್ಲಿಯೇ ಕುಡಿದು ಬೀಜವನ್ನು ಉಗಿಯುತ್ತಿದ್ದರು. ಅವರಿಂದ ಹತ್ತಾರು ಹೆಜ್ಜೆಯ ದೂರದಲ್ಲಿ, ಹೆಚ್ಚಿನವರು ಗಮನಿಸದ, ದಾವಿದನ ನಕ್ಷತ್ರವುಳ್ಳ ಒಂದು ದುಂಡನೆಯ ಕಲ್ಲಿದೆ.

ಆ ಕಲ್ಲಿನ ಕಥೆಯನ್ನು ಮಿತ್ರ ಹೇಳಿದ. 1497ರಲ್ಲಿ ಪೋರ್ಚುಗಲ್ಲಿನ ಯೆಹೂದ್ಯರಿಗೆಲ್ಲ ಬಲವಂತದ ದೀಕ್ಷಾಸ್ನಾನವಾಯಿತು. ಅವರನ್ನು 'ಹೊಸ ಕ್ರೈಸ್ತರು' ಎಂದು ಕರೆದರು. ಹೆಸರು ಬದಲಾದರೂ ಅನುಮಾನ ಹೋಗಲಿಲ್ಲ. 1506ರ ಏಪ್ರಿಲ್ ತಿಂಗಳು, ಪಾಸ್ಖ ಹಬ್ಬದ ನಂತರದ ಭಾನುವಾರ, ಊರಿನಲ್ಲಿ ಸಾಂಕ್ರಾಮಿಕ ಪಿಡುಗು ಇದ್ದ ಹೊತ್ತು. ಇದೇ ದೇವಾಲಯದಲ್ಲಿ ಶಿಲುಬೆಯ ಮೂರ್ತಿಯಿಂದ ಬೆಳಕು ಹೊಮ್ಮಿತೆಂದು ಜನ ಪವಾಡ ಸಾರಿದರು. ಅದು ದೀಪದ ಪ್ರತಿಬಿಂಬವಿರಬಹುದು ಎಂದು ಹೊಸ ಕ್ರೈಸ್ತನೊಬ್ಬ ಅಂದ. ಅವನನ್ನು ಅಲ್ಲಿಯೇ ಬಡಿದು ಕೊಂದರು. ಮೂರು ದಿನ ಕೊಲೆ ನಡೆಯಿತು. ಸುಮಾರು ಎರಡು ಸಾವಿರ ಜನ ಸತ್ತರೆಂದು ಲೆಕ್ಕ. ಗುಂಪನ್ನು ಹುರಿದುಂಬಿಸಿದವರಲ್ಲಿ ಇಬ್ಬರು ಸಂನ್ಯಾಸಿಗಳಿದ್ದರು. ರಾಜ ಅವರಿಗೆ ಮರಣದಂಡನೆ ವಿಧಿಸಿದ. 1536ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಅದು ಕೊನೆಗೊಂಡದ್ದು 1821ರಲ್ಲಿ. ಅದರ ಅರಮನೆ ಇದೇ ರೊಸ್ಸಿಯೋ ಚೌಕದಲ್ಲಿತ್ತು, ಈಗ ಅಲ್ಲಿ ರಾಷ್ಟ್ರೀಯ ನಾಟಕಮಂದಿರವಿದೆ. 2000ನೆಯ ಇಸವಿಯಲ್ಲಿ ಲಿಸ್ಬನ್ನಿನ ಧರ್ಮಾಧ್ಯಕ್ಷರು ಇದಕ್ಕಾಗಿ ಕ್ಷಮೆ ಕೋರಿದರು. ಈ ಸ್ಮಾರಕಶಿಲೆಯನ್ನು 2008ರಲ್ಲಿ ನೆಟ್ಟರು.

ಅಲ್ಲಿಂದ ನಾವು ನೇರವಾಗಿ ಊಟಕ್ಕೆ ಹೋದೆವು. ಮಿತ್ರ ಬೇಕೆಂದೇ ನನಗಾಗಿ 'ಅಲ್ಯೇರ' ಹೇಳಿದ. ಹುರಿದ ಸಾಸೇಜ್, ಮೇಲೊಂದು ಕರಿದ ಮೊಟ್ಟೆ, ಪಕ್ಕದಲ್ಲಿ ಆಲೂಗಡ್ಡೆ, ಸೊಪ್ಪು. ನೋಡಲು ಹಂದಿಮಾಂಸದ ಸಾಸೇಜಿನಂತೆಯೇ ಇತ್ತು. ಕತ್ತರಿಸಿದಾಗ ಒಳಗೆ ಮೆತ್ತನೆಯ ರೊಟ್ಟಿ, ಬೆಳ್ಳುಳ್ಳಿ, ಕೋಳಿಮಾಂಸ. "ಇದು ಯಾರ ಅಡುಗೆ ಗೊತ್ತೋ?" ಎಂದು ಕೇಳಿ ಅವನೇ ಹೇಳಿದ. ಹಿಂದೆ ಪ್ರತಿ ಮನೆಯಲ್ಲೂ ಹಂದಿಯ ಸಾಸೇಜನ್ನು ಹೊಗೆಯ ಮೇಲೆ ತೂಗುಹಾಕುತ್ತಿದ್ದರು. ತೂಗುಹಾಕದ ಮನೆ ಯೆಹೂದ್ಯರದೆಂದು ಅನುಮಾನಕ್ಕೆ ಈಡಾಗುತ್ತಿತ್ತು. ಅದಕ್ಕಾಗಿ ಹೊಸ ಕ್ರೈಸ್ತರು ಕೋಳಿ ಮತ್ತು ರೊಟ್ಟಿಯಿಂದ, ಹೊರಗೆ ಹಂದಿಯದರಂತೆ ಕಾಣುವ ಈ ಸಾಸೇಜನ್ನು ಮಾಡಿ ಕಣ್ಣಿಗೆ ಬೀಳುವಂತೆ ತೂಗುಹಾಕಿದರಂತೆ. ತಲೆಮಾರುಗಳಿಂದ ಅಲ್ಲಿಯವರು ಹೇಳಿಕೊಂಡು ಬಂದಿರುವ ಮಾತು ಇದು. ಈಗ ಎಲ್ಲರೂ ತಿನ್ನುವ ಅಲ್ಯೇರದಲ್ಲಿ ಹಂದಿಮಾಂಸ ಹಾಕುವವರೂ ಇದ್ದಾರೆ.

"ನಮ್ಮ ಗೋವೆಯಲ್ಲೂ ಇದೇ ಕಥೆ" ಎಂದ ಮಿತ್ರ. 1560ರಲ್ಲಿ ಅಲ್ಲಿಯೂ ಆರಂಭವಾದ ಆ ನ್ಯಾಯಾಲಯ, ನಡುವೆ ಕೆಲವು ವರ್ಷ ನಿಂತು, 1812ರವರೆಗೆ ಇತ್ತು. 1736ರ ಒಂದು ಆಜ್ಞಾಪತ್ರ ಕ್ರೈಸ್ತರ ಮದುವೆ ಮುಂಜಿಗಳಲ್ಲಿ ಉಳಿದುಕೊಂಡಿದ್ದ ಹಳೆಯ ಪದ್ಧತಿಗಳನ್ನು ಒಂದೊಂದಾಗಿ ನಿಷೇಧಿಸಿತು. ಉಪ್ಪು ಹಾಕದೆ ಅನ್ನ ಬೇಯಿಸುವುದೂ ಆ ಪಟ್ಟಿಯಲ್ಲಿತ್ತು. ಅವನ ಪೂರ್ವಿಕರು ಗೋವೆಯನ್ನು ಬಿಟ್ಟು ಕೆನರಾಕ್ಕೆ ಬಂದ ಕಾರಣಗಳಲ್ಲಿ ಬರ, ತೆರಿಗೆ, ಮರಾಠರ ದಾಳಿಗಳ ಜೊತೆಗೆ ಈ ಭಯವೂ ಒಂದು. "ಅನ್ನಕ್ಕೆ ಉಪ್ಪು ಹಾಕಿದ್ದೀಯೋ ಇಲ್ಲವೋ ಎಂದು ಪಾತ್ರೆಯ ಮುಚ್ಚಳ ತೆಗೆದು ನೋಡುವ ಧರ್ಮ ಎಂಥದ್ದು ಹೇಳು?" ಎಂದು ಅವನು ಕೇಳಿದ.

ಓದುಗರೇ, ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು. ಅದಕ್ಕಾಗಿಯೇ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ನಾನು ಗುರುದೀಕ್ಷೆ ಪಡೆದ ಹೊಸದರಲ್ಲಿ ಬಯಲುಸೀಮೆಯ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿ ಒಂದು ಕುಟುಂಬ ಕೆಲವೇ ವರ್ಷಗಳ ಹಿಂದೆ ದೀಕ್ಷಾಸ್ನಾನ ಪಡೆದಿತ್ತು. ಗಂಡ ತೀರಿಕೊಂಡಿದ್ದ, ತಾಯಿ ಕೂಲಿ ಮಾಡಿ ಮಕ್ಕಳನ್ನು ಸಾಕುತ್ತಿದ್ದರು. ಭಾನುವಾರ ತಪ್ಪದೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಮನೆ. ಮಹಾಲಯ ಅಮಾವಾಸ್ಯೆಯ ದಿನ ಆ ತಾಯಿ ಗಂಡನ ಹೆಸರಿನಲ್ಲಿ ಎಲೆಯ ಮೇಲೆ ಎಡೆ ಇಟ್ಟಿದ್ದಾರೆಂದು ಯಾರೋ ಬಂದು ನನಗೆ ತಿಳಿಸಿದರು. ನಾನು ಆ ಮನೆಗೆ ಹೋಗಲಿಲ್ಲ, ಆಕೆಯನ್ನು ಕರೆದು ಕೇಳಲಿಲ್ಲ. ಮುಂದಿನ ಭಾನುವಾರ ಪ್ರಬೋಧನೆಯಲ್ಲಿ ಎರಡು ದೋಣಿಯ ಮೇಲೆ ಕಾಲಿಡುವವರ ಬಗ್ಗೆ ಮಾತನಾಡಿದೆ. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ, ಇಡೀ ಹಳ್ಳಿಗೆ ಗೊತ್ತಿತ್ತು. ಆಕೆ ತಲೆಬಗ್ಗಿಸಿ ಕುಳಿತಿದ್ದರು. ಪರಮಪ್ರಸಾದಕ್ಕೆ ಎದ್ದು ಬರಲಿಲ್ಲ. ಮುಂದಿನ ಭಾನುವಾರ ಆ ಮನೆಯವರು ಯಾರೂ ಬರಲಿಲ್ಲ, ಆಮೇಲೂ ಬರಲಿಲ್ಲ. ವಿಶ್ವಾಸದ ಪಾವಿತ್ರ್ಯವನ್ನು ಕಾಪಾಡಿದೆನೆಂದು ನಾನು ಆಗ ನಂಬಿದ್ದೆ. ಮರುವರ್ಷ ನನಗೆ ವರ್ಗವಾಯಿತು. ಮರೆತೆ, ಅಥವಾ ಮರೆತೆನೆಂದುಕೊಂಡೆ.

ಧರ್ಮಸಭೆಯ ಬೋಧನೆಯನ್ನು ಹಗುರ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಎಡೆ ಇಡುವುದರ ಹಿಂದಿನ ಎಲ್ಲ ನಂಬಿಕೆಗಳೂ ನಮ್ಮವಲ್ಲ. ಆದರೆ ಸತ್ತವರನ್ನು ನೆನೆಯುವುದು ನಮ್ಮದೇ. ನವೆಂಬರ್ 2ರಂದು ಸಮಾಧಿಗಳಿಗೆ ಹೂವಿಟ್ಟು, ಅವರ ಹೆಸರಿನಲ್ಲಿ ಪೂಜೆ ಹೇಳಿಸುವುದಿಲ್ಲವೇ? "ಅಮ್ಮ, ಇದನ್ನೇ ನಮ್ಮ ರೀತಿಯಲ್ಲಿ ಹೀಗೆ ಮಾಡೋಣ, ಅವರ ಹೆಸರಿನಲ್ಲಿ ನಾಲ್ಕು ಜನ ಬಡವರಿಗೆ ಊಟ ಹಾಕೋಣ" ಎಂದು ಮನೆಯ ಜಗುಲಿಯಲ್ಲಿ ಕುಳಿತು ಹೇಳಬಹುದಿತ್ತು. ಡಿ ಬ್ರಿಟ್ಟೋ ಅವರು ಜನರಿಗಾಗಿ ತಮ್ಮ ತಟ್ಟೆಯನ್ನು ಬದಲಾಯಿಸಿಕೊಂಡರು. ನಾನು ಒಬ್ಬ ವಿಧವೆಯ ತಟ್ಟೆಯನ್ನು ಪೀಠದ ಮುಂದೆ ಸಾಕ್ಷಿಯಾಗಿ ತಂದಿಟ್ಟೆ.

ಇದನ್ನೆಲ್ಲ ಆ ಮೇಜಿನ ಮುಂದೆ ಕುಳಿತು ಮಿತ್ರನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ನನಗೆ ಏಕೆ ಹೇಳುತ್ತಿ? ಹೋಗಿ ಆ ಅಮ್ಮನಿಗೆ ಹೇಳು" ಎಂದ. ನಂತರ ತಟ್ಟೆಯನ್ನು ನನ್ನ ಕಡೆ ಸರಿಸಿ, "ಮೊದಲು ಇದನ್ನು ಪೂರ್ತಿ ತಿನ್ನು. ಭಯದಲ್ಲಿ ಮಾಡಿದ ಅಡುಗೆ ಇದು, ಬಿಟ್ಟು ಏಳಬಾರದು" ಎಂದ. ತಿಂದೆ.

ಊರಿಗೆ ಬಂದ ತಿಂಗಳೊಳಗೆ ಆ ಹಳ್ಳಿಗೆ ಹೋದೆ. ತಾಯಿಗೆ ಈಗ ವಯಸ್ಸಾಗಿದೆ, ಕಣ್ಣು ಮಂಜು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಬನ್ನಿ ಸ್ವಾಮಿ, ಕೂತ್ಕಳಿ" ಎಂದರು. ಸೊಸೆ ಕಾಫಿ ತಂದುಕೊಟ್ಟರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದ ಮಾತುಗಳು ಬಾಯಿಗೆ ಬರಲಿಲ್ಲ. ತಪ್ಪಾಯಿತು ಅಮ್ಮ, ಎಲ್ಲರ ಮುಂದೆ ನಿಮ್ಮನ್ನು ನೋಯಿಸಿದೆ, ಎಂದಷ್ಟೇ ಹೇಳಲು ಸಾಧ್ಯವಾಯಿತು. ಆಕೆ ನೆಲ ನೋಡುತ್ತ ಕುಳಿತಿದ್ದರು. ಆಮೇಲೆ ಹೇಳಿದರು: "ನಾನು ಯಾವ ದೇವ್ರಿಗೂ ಇಕ್ಕಿರ್ಲಿಲ್ಲ ಸ್ವಾಮಿ. ಅವ್ರಿಗೆ ಇಕ್ಕಿದ್ದೆ. ಉಪ್ಸಾರು ಮುದ್ದೆ ಅಂದ್ರೆ ಅವ್ರಿಗೆ ಪ್ರಾಣ." ಸ್ವಲ್ಪ ತಡೆದು, "ಕಾಪಿ ಆರೋಯ್ತದೆ, ಕುಡೀರಿ" ಎಂದರು.

ನಾನು ಕುಡಿದೆ. ಹೊರಡಲು ಎದ್ದಾಗ ಊಟ ಮಾಡಿಕೊಂಡೇ ಹೋಗಬೇಕೆಂದು ಸೊಸೆ ಹಿಡಿದುಕೊಂಡರು. ಅಂದು ಆ ಮನೆಯಲ್ಲಿ ಮುದ್ದೆಯೂ ಹುರುಳಿಕಾಳಿನ ಸಾರೂ ಇತ್ತು. ಆ ಮನೆಯವರು ಮತ್ತೆ ದೇವಾಲಯಕ್ಕೆ ಬರತೊಡಗಿದರೇ ಎಂದು ನೀವು ಕೇಳಬಹುದು. ನಾನು ಆಕೆಯನ್ನು ಅದನ್ನು ಕೇಳಲಿಲ್ಲ. ಕ್ಷಮೆ ಕೇಳಲು ಹೋದವನು ಲೆಕ್ಕ ಕೇಳಬಾರದು. ಎಮ್ಮಾವುವಿನ ದಾರಿಯಲ್ಲಿ ಜೊತೆಯಾಗಿ ನಡೆದ ಪ್ರಭುವನ್ನು ಆ ಇಬ್ಬರು ಶಿಷ್ಯರು ಗುರುತಿಸಿದ್ದು ರೊಟ್ಟಿ ಮುರಿದಾಗ. ಆ ಮನೆಯಲ್ಲಿ ಅಂದು ಬಡಿಸಿದವರು ಆಕೆ, ಉಂಡವನು ನಾನು. ಯಾರು ಯಾರಿಗೆ ಪ್ರಸಾದ ಕೊಟ್ಟರು ಎಂಬುದನ್ನು ದೇವರೇ ಬಲ್ಲರು.

ತಾಯಂದಿರೇ, ನೀವು ಕೇಳಿದ ಪ್ರಶ್ನೆಗೆ ಇದು ನನ್ನ ಪೂರ್ತಿ ಉತ್ತರ. ಲಿಸ್ಬನ್ನಿನಲ್ಲಿ ಮಠದ ಸಿಹಿ ತಿಂದೆ, ಅಂತೋಣಿಯವರ ಊರಿನ ಮೀನು ತಿಂದೆ, ಉಪವಾಸದ ದಿನಗಳ ಒಣಮೀನು ತಿಂದೆ, ಹೆದರಿದವರ ಸಾಸೇಜ್ ತಿಂದೆ. ಕೊನೆಯದನ್ನು ಅರಗಿಸಿಕೊಳ್ಳಲು ಮನೆಗೆ ಬರಬೇಕಾಯಿತು. ನೆರೆಮನೆಯವರ ಪಾತ್ರೆಯಲ್ಲಿ ಏನಿದೆ ಎಂದು ಇಣುಕುವ ಮನಸ್ಸು ನಮ್ಮಲ್ಲಿ ಯಾರಿಗಾದರೂ ಬಂದಾಗ, ಅವರ ಮೇಜಿನ ಮುಂದೆ ಕುಳಿತು ಒಂದು ತುತ್ತು ಉಣ್ಣುವ ದೈನ್ಯವನ್ನೂ ಪ್ರಭು ಕೊಡಲಿ. ನನಗಾಗಿಯೂ ಪ್ರಾರ್ಥಿಸಿ.